ಹಳೆಯ ಚಂದಮಾಮ ಮತ್ತು ಪರಿಗ್ರಹ

1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ ಮಾಸಪತ್ರಿಕೆಯು 2013ರ ವೇಳೆಗೆ ನಿಂತುಹೋಯಿತು. ಹೆಗಲ ಮೇಲೆ ಶವ, ಕೈಯಲ್ಲಿ ಖಡ್ಗ ಹಿಡಿದು ನಡೆಯುವ ವಿಕ್ರಮನನ್ನು ಚಿತ್ರಕಾರ ಶಂಕರ್ ಬರೆದಂತಲ್ಲದೆ ಬೇರೆ ರೀತಿಯಲ್ಲಿ ಕಲ್ಪಿಸಿಕೊಳ್ಳಲಾರದ ತಲೆಮಾರೊಂದು ಕೆಂಭಾವಿಯಂತಹ ಊರುಗಳಲ್ಲಿ ಇಂದಿಗೂ ಇದೆ. ಅವರಲ್ಲಿ ಕೆಲವರು ಹಳೆಯ ಸಂಚಿಕೆಗಳನ್ನು ಹುಡುಕಿ, ಮುಖಬೆಲೆಯನ್ನು ಮೀರಿದ ಹಣ ಕೊಟ್ಟು ಸಂಗ್ರಹಿಸುತ್ತಾರೆ. ಇದು ಪರಿಗ್ರಹವೇ?

ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುಗಳ ಲೆಕ್ಕದಿಂದ ಅಳೆಯುವುದಿಲ್ಲ. ಮೂರ್ಛೆಯನ್ನು, ಎಂದರೆ ‘ನನ್ನದು’ ಎಂಬ ಮಮತ್ವವನ್ನೇ, ಪರಿಗ್ರಹವೆಂದು ಗಣಿಸುತ್ತದೆ. ಆದುದರಿಂದ ಒಂದು ಸಂಚಿಕೆಯೂ ಇಲ್ಲದೆ ಹಂಬಲಿಸುವವನು ಪರಿಗ್ರಹಿಯಾಗಬಹುದು. ಕಪಾಟು ತುಂಬ ಇಟ್ಟುಕೊಂಡವನು ಆಗದಿರಬಹುದು. ಇದನ್ನು ಕಂಡುಕೊಳ್ಳುವುದು ಕಷ್ಟವಲ್ಲ. ಮೊಮ್ಮಗಳು ಬೇತಾಳನ ಕತೆ ಓದಬೇಕೆಂದಾಗ, ಪುಟ ಮಡಿಚೀತೆಂದು ಅಜ್ಜನ ಕೈ ಹಿಂಜರಿದರೆ ಅದೇ ಮೂರ್ಛೆ.

ಹಾಗೆಂದು ಕಾಪಾಡುವುದು ದೋಷವಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ, ಕೂಡಿಡದೆ ಹಂಚಿಸಿದಳು. ಮಕ್ಕಳ ಕತೆಗೂ ಪುರಾಣಕ್ಕೂ ಹೋಲಿಕೆಯೇ ಎಂದು ಕೆಲವರು ಮುನಿಯಬಹುದು. ಇಲ್ಲಿನ ಹೋಲಿಕೆ ಕೃತಿಗಳದಲ್ಲ, ಇಟ್ಟುಕೊಳ್ಳುವ ಬಗೆಯದು.

ವರ್ತಕನಿಗೆ ಇದಕ್ಕಿಂತ ಬಿಗಿಯಾದ ಪ್ರಶ್ನೆಯೊಂದಿದೆ. ರದ್ದಿ ಅಂಗಡಿಯವನು ಅರಿಯದೆ ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ 1950ರ ದಶಕದ ಸಂಚಿಕೆಯನ್ನು, ಅದರ ಬೆಲೆ ಬಲ್ಲವನು ಸುಮ್ಮನೆ ಕೊಳ್ಳಬಹುದೇ? ಪೇಟೆಯ ರೂಢಿ ಒಪ್ಪುತ್ತದೆ. ಅಚೌರ್ಯವ್ರತ ಹಿಡಿದವನಿಗೆ ಮಾತ್ರ ಆ ತಕ್ಕಡಿಯ ಮುಂದೆ ಬಾಯಿ ಬಿಡದೆ ನಿಲ್ಲುವುದು ಸುಲಭವಲ್ಲ. ಬೆಲೆಯನ್ನು ತಿಳಿಸಿ, ಒಂದಿಷ್ಟು ಹೆಚ್ಚು ಕೊಟ್ಟು ತಂದ ಪ್ರತಿಯಾದರೆ, ಅದು ಮನೆಗೆ ಬಂದ ಬಗೆಯನ್ನೂ ಮೊಮ್ಮಗಳಿಗೆ ಹೇಳಬಹುದು.