ಚಂದಾ ಕಟ್ಟಿದವನ ಪಾಡು

ಬಂದೂಕಿನ ಹಕ್ಕು ಸರಿಯೋ ತಪ್ಪೋ ಅನ್ನೋ ಜಗಳ ಇಲ್ಲಿ ಬೇಡ, ಅದು ಬೇರೆಯೇ. ನನ್ನನ್ನು ಕಾಡೋದು ಚಂದಾ ಕಟ್ಟಿದವನ ಪಾಡು.

ಅಮೆರಿಕದ ನ್ಯಾಷನಲ್ ರೈಫಲ್ ಅಸೋಸಿಯೇಷನ್ 1871ರಲ್ಲಿ ಹುಟ್ಟಿದ್ದು ಗುರಿ ಹೊಡೆಯೋದನ್ನು ಕಲಿಸಲಿಕ್ಕೆ. ಸರ್ಕಾರ ನಿಮ್ಮ ಬಂದೂಕು ಕಿತ್ಕೊಳ್ಳುತ್ತೆ ಅಂತ ಹೆದರಿಸಿ ಹಣ ಎತ್ತೋದು ಆಮೇಲೆ ಬಂತು. ಮೂರು ದಶಕ ಅದನ್ನು ನಡೆಸಿದ ವೇಯ್ನ್ ಲಾಪಿಯರ್ ಸಂಘದ ದುಡ್ಡಲ್ಲಿ ಖಾಸಗಿ ವಿಮಾನ ಹತ್ತಿದರು, ಬೆವರ್ಲಿ ಹಿಲ್ಸ್‌ನ ಅಂಗಡಿಯ ಸೂಟುಗಳ ಬಿಲ್ಲೂ (ಸೂಟು ಕಣ್ರೀ!) ಜಾಹೀರಾತು ಕಂಪನಿಯ ಮೂಲಕ ಸಾಗಿತು. 2024ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಜ್ಯೂರಿ, ಸುಮಾರು 43 ಲಕ್ಷ ಡಾಲರ್ ವಾಪಸ್ ಕಟ್ಟಿ ಅಂತು.

ಕೇಳೋರೇ ಇರಲಿಲ್ವಾ? ಇದ್ದರು. 2019ರಲ್ಲಿ ಸಂಘದ ಅಧ್ಯಕ್ಷ ಆಲಿವರ್ ನಾರ್ತ್ ಖರ್ಚಿನ ಬಗ್ಗೆ ದನಿ ಎತ್ತಿದರು, ಕುರ್ಚಿ ಹೋಯ್ತು. ಹೊರಗೆ ಶತ್ರು ಇದ್ದಾನೆ ಅಂತ ಹೆದರಿಸಿ ಬದುಕೋ ಸಂಘದಲ್ಲಿ, ಒಳಗೆ ಲೆಕ್ಕ ಕೇಳಿದವನೂ ಶತ್ರುವಿನ ಕಡೆಯವನೇ ಆಗಿಬಿಡ್ತಾನೆ. ಹಾಗಾಗಿ ಬಂದೂಕು ಬೇಡ ಅನ್ನೋರಿಗಿಂತ, ಬೇಕು ಅನ್ನೋರಿಗೇ ಇದರ ಮೇಲೆ ಹೆಚ್ಚು ಸಿಟ್ಟು ಬರಬೇಕಿತ್ತು. ನಾನು ಸದಸ್ಯನಾಗಿದ್ದರೆ, ಲೆಕ್ಕ ಕಳಿಸಿ, ಆಮೇಲೆ ಚಂದಾ ಅಂತಿದ್ದೆ. ಲಾಪಿಯರ್ ಕಟ್ಟಬೇಕಾದ ದುಡ್ಡೂ ಅದೇ ಸಂಘಕ್ಕೇ ಹೋಗೋದು, ಸದಸ್ಯನ ಜೇಬಿಗಲ್ಲ.