ಮಣ್ಣಿನಲ್ಲಿ ಸಿಕ್ಕಿದ್ದು ಯಾರದು?

ಸಿಂಧನೂರು ಸೀಮೆಯ ಗೊರೇಬಾಳದ ಚಹದಂಗಡಿಯೊಂದರಲ್ಲಿ ಕುಳಿತಿದ್ದಾಗ ಪಕ್ಕದ ಬೆಂಚಿನ ತರುಣನೊಬ್ಬ ಮೊಬೈಲಿನಲ್ಲಿ ವಿಡಿಯೋ ನೋಡುತ್ತಿದ್ದ. ಯಾವುದೋ ವಿದೇಶದ ಹೊಲ. ನಡುವಯಸ್ಸು ದಾಟಿದ ಒಬ್ಬಾತ ಕೋಲಿನ ತುದಿಗೆ ತಟ್ಟೆ ಕಟ್ಟಿದಂತಹ ಯಂತ್ರವನ್ನು ನೆಲದ ಮೇಲೆ ಆಡಿಸುತ್ತಾ ನಡೆಯುತ್ತಾನೆ. ಯಂತ್ರ ಕೂಗಿದಲ್ಲಿ ಅಗೆಯುತ್ತಾನೆ. ಮಣ್ಣಿನಿಂದ ಹಳೆಯ ನಾಣ್ಯ ಹೊರಬರುತ್ತದೆ. ಎಷ್ಟೋ ವರ್ಷಗಳಿಂದ ಆತನಿಗೆ ಇದೇ ಹವ್ಯಾಸವಂತೆ. "ಇಂಥಾ ಮಷೀನು ಈಗ ಆನ್‌ಲೈನ್‌ನಾಗ ಸಿಗ್ತದ ಕಾಕಾ. ನಮ್ಮ ಹೊಲದಾಗ ಸಿಕ್ಕಿದ್ದು ನಮ್ದ ಅಲ್ಲೇನ್ರಿ?" ಎಂದು ತರುಣ ಅಂಗಡಿಯ ಹಿರಿಯರನ್ನು ಕೇಳಿದ. ಅವರು ಲೋಟ ತೊಳೆಯುತ್ತಲೇ, "ಹೊಲ ನಿಮ್ಮಪ್ಪಂದು ಖರೆ ತಮ್ಮಾ, ಕೊಪ್ಪರಿಗಿ ಯಾರು ಹುಗಿದಿದ್ದೋ" ಎಂದರು.

ಸುತ್ತಲಿದ್ದವರು ನಕ್ಕರು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ.

ಈ ಸೀಮೆಯಲ್ಲಿ ಇಂತಹ ಆಸೆ ಹುಟ್ಟುವುದು ಸಹಜ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನರು ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ಸೀಳಿ, ಚಿನ್ನದ ಅದಿರು ತೆಗೆಯುತ್ತಿದ್ದರು. 1947ರಲ್ಲಿ ನಿಜಾಮ್ ಸಂಸ್ಥಾನದ ಕಾಲದಲ್ಲಿ ಆರಂಭವಾದ ಕಂಪೆನಿಯೇ ಇಂದಿನ ಹಟ್ಟಿ ಚಿನ್ನದ ಗಣಿ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದ ಚಿನ್ನದ ಗಣಿ ಎಂದರೆ ಹಟ್ಟಿ ಎಂಬಂತಾಯಿತು. ಆದರೆ ಅಲ್ಲಿ ಒಂದು ಟನ್ ಕಲ್ಲನ್ನು ಅರೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಹಿಂದೆ ಜಾಲಗಾರರು ದಿನವಿಡೀ ಮರಳು ತೊಳೆದು ಪಡೆಯುತ್ತಿದ್ದುದೂ ಚಿಟಿಕೆಯಷ್ಟು ಪುಡಿಯನ್ನೇ. ಇದು ಬೆವರಿನ ಸಂಪಾದನೆ. ಇದರಲ್ಲಿ ಆಕ್ಷೇಪಿಸುವಂತಹದ್ದೇನೂ ಇಲ್ಲ. ಭೂಮಿಯಲ್ಲಿ ಸಂಚರಿಸಿ ಅಲ್ಲಾಹನ ಅನುಗ್ರಹವನ್ನು ಅರಸುವುದನ್ನು ಇಸ್ಲಾಮ್ ಪ್ರೋತ್ಸಾಹಿಸಿದೆ.

ಹುಡುಕುವ ಕುತೂಹಲವೂ ತಪ್ಪಲ್ಲ. ಸಮಸ್ಯೆ ಶುರುವಾಗುವುದು ಸಿಕ್ಕಿದ ಮೇಲೆ. ಲೋಹಶೋಧಕ ಯಂತ್ರವು ನೆಲದೊಳಗೆ ಕಾಂತಕ್ಷೇತ್ರವನ್ನು ಕಳುಹಿಸಿ, ಅಲ್ಲಿನ ಲೋಹ ಕೊಡುವ ಪ್ರತಿಸ್ಪಂದನವನ್ನು ಗುರುತಿಸಿ ಕೂಗುತ್ತದೆ. ಇಲ್ಲಿ ಲೋಹವಿದೆ ಎಂದಷ್ಟೇ ಅದು ಹೇಳಬಲ್ಲದು. ಅದು ಯಾರದು ಎಂಬುದನ್ನು ನಾವೇ ಹೇಳಬೇಕು.

ಪ್ರವಾದಿ ಮುಹಮ್ಮದ್(ಸ)ರು ಇದರಲ್ಲಿ ಎರಡು ಸ್ಥಿತಿಗಳನ್ನು ಬೇರೆ ಬೇರೆಯಾಗಿ ಕಂಡಿದ್ದಾರೆ. ಯಾರೋ ಕಳೆದುಕೊಂಡ ವಸ್ತು ಸಿಕ್ಕಿದರೆ ಅದರ ಗುರುತನ್ನು ನೆನಪಿಟ್ಟು ಒಂದು ವರ್ಷ ಕಾಲ ಸಾರಿ ಹೇಳಬೇಕು. ಹಿಂದಿನ ಕಾಲದವರು ಹುಗಿದಿಟ್ಟ, ವಾರಸುದಾರರಿಲ್ಲದ ರಿಕಾಝ್ ಸಿಕ್ಕಿದರೆ ಅದರಲ್ಲಿ ಐದನೇ ಒಂದು ಪಾಲು ಸಮಾಜಕ್ಕೆ ಸಲ್ಲಬೇಕು. ಜಮೀನು ಯಾರದು ಎಂಬುದರ ಮೇಲೆ ಉಳಿದ ಭಾಗದ ಹಕ್ಕು ಯಾರಿಗೆ ಎಂದು ಧರ್ಮಶಾಸ್ತ್ರಜ್ಞರು ಚರ್ಚಿಸಿದ್ದಾರೆ. ಎರಡೂ ಕಡೆ ಒಂದು ಅಂಶ ಸಮಾನವಾಗಿದೆ: ಗುಟ್ಟಾಗಿ ಮನೆಗೊಯ್ಯಲು ಅವಕಾಶವಿಲ್ಲ.

ಪ್ರವಾದಿ(ಸ)ರು ಹೇಳಿದ ಒಂದು ಘಟನೆಯೂ ಹದೀಸ್ ಗ್ರಂಥಗಳಲ್ಲಿದೆ. ಒಬ್ಬನು ಇನ್ನೊಬ್ಬನಿಂದ ಜಮೀನು ಕೊಂಡ. ಅದರಲ್ಲಿ ಚಿನ್ನ ತುಂಬಿದ ಗಡಿಗೆ ಸಿಕ್ಕಿತು. ತಾನು ಕೊಂಡದ್ದು ಜಮೀನು, ಚಿನ್ನವಲ್ಲ ಎಂದು ಆತ ಗಡಿಗೆಯನ್ನು ಮಾರಿದವನ ಬಳಿಗೊಯ್ದ. ಜಮೀನಿನೊಂದಿಗೆ ಅದರೊಳಗಿನದ್ದನ್ನೂ ಮಾರಿದ್ದೇನೆ ಎಂದು ಮಾರಿದವನು ನಿರಾಕರಿಸಿದ. ತೀರ್ಪಿಗೆ ಹೋದಾಗ ನ್ಯಾಯ ಹೇಳುವವನು ಒಬ್ಬನ ಮಗನಿಗೂ ಇನ್ನೊಬ್ಬನ ಮಗಳಿಗೂ ಮದುವೆ ಮಾಡಿಸಿ, ಆ ಚಿನ್ನವನ್ನು ಅವರಿಗಾಗಿ ಖರ್ಚು ಮಾಡಿ, ದಾನವನ್ನೂ ಕೊಡಿ ಎಂದ. ನಮ್ಮ ಕೋರ್ಟುಗಳಲ್ಲಿ ನಡೆಯುವುದು ನನ್ನದು ನನ್ನದು ಎಂಬ ಜಗಳ. ಇವರಿಬ್ಬರ ಜಗಳ ನನ್ನದಲ್ಲ ಎಂಬುದು!

ದೇಶದ ಕಾನೂನು ಏನು ಹೇಳುತ್ತದೆ? ಭಾರತದಲ್ಲಿ 1878ರಲ್ಲೇ ನಿಧಿ ಕಾಯ್ದೆ ಬಂದಿದೆ. ಸಿಕ್ಕ ನಿಧಿಯ ವಿವರವನ್ನು ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ಬಚ್ಚಿಟ್ಟರೆ ಸಿಗಬೇಕಾದ ಪಾಲೂ ಹೋಗಿ ಜೈಲೂ ಆದೀತು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ. ಈ ಹವ್ಯಾಸ ಬೇರೂರಿರುವ ಇಂಗ್ಲೆಂಡಿನಲ್ಲೂ 1996ರ ಕಾಯ್ದೆಯಂತೆ ನಿಧಿ ಸಿಕ್ಕರೆ ತಿಳಿಸಲೇಬೇಕು. 2009ರಲ್ಲಿ ಸ್ಟಾಫರ್ಡ್‌ಶೈರ್‌ನ ಹೊಲವೊಂದರಲ್ಲಿ ಹವ್ಯಾಸಿಯೊಬ್ಬನಿಗೆ ಪ್ರಾಚೀನ ಚಿನ್ನದ ದೊಡ್ಡ ಸಂಗ್ರಹ ಸಿಕ್ಕಿತು. ಆತ ತಿಳಿಸಿದ. ಸಂಗ್ರಹಕ್ಕೆ ಸುಮಾರು 33 ಲಕ್ಷ ಪೌಂಡ್ ಬೆಲೆ ಕಟ್ಟಿ, ಆತನಿಗೂ ಜಮೀನಿನ ಒಡೆಯನಿಗೂ ಹಂಚಲಾಯಿತು. 2015ರಲ್ಲಿ ಹೆರೆಫರ್ಡ್‌ಶೈರ್‌ನಲ್ಲಿ ಸಿಕ್ಕ ನಿಧಿಯನ್ನು ಇಬ್ಬರು ಮುಚ್ಚಿಟ್ಟು ಮಾರಿದರು. ಸುಮಾರು 300 ನಾಣ್ಯಗಳಿದ್ದವೆಂದು ಅಂದಾಜು. ಮರಳಿ ಸಿಕ್ಕಿದ್ದು 31 ಮಾತ್ರ. 2019ರಲ್ಲಿ ಅವರಿಗೆ ಜೈಲುಶಿಕ್ಷೆಯಾಯಿತು. ಉಳಿದ ನಾಣ್ಯಗಳು ಹೇಳಬಹುದಾಗಿದ್ದ ಚರಿತ್ರೆಗೆ ಯಾವ ಶಿಕ್ಷೆಯೂ ಪರಿಹಾರವಾಗದು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ಸಾಲದಲ್ಲಿ ಮುಳುಗಿದ ರೈತನಿಗೆ ನೇಗಿಲ ಮೊನೆಯಲ್ಲಿ ಗಡಿಗೆ ಸಿಕ್ಕರೆ, ಅವನಿಗೆ ಚರಿತ್ರೆಯ ಪಾಠ ಹೇಳುವ ಅಧಿಕಾರ ನಮಗೆಲ್ಲಿದೆ? ತಿಳಿಸಿದವನನ್ನೇ ಕಳ್ಳನಂತೆ ವಿಚಾರಿಸುವರು ಎಂಬ ಭಯ ಹಳ್ಳಿಗಳಲ್ಲಿಲ್ಲವೇ? ಪ್ರಾಮಾಣಿಕತೆಯನ್ನು ಬಡವನಿಂದ ಮಾತ್ರ ನಿರೀಕ್ಷಿಸುವ ಸಮಾಜ ಪ್ರಾಮಾಣಿಕ ಸಮಾಜವಲ್ಲ. ತಿಳಿಸಿದವನಿಗೆ ಗೌರವವೂ ನ್ಯಾಯವಾದ ಪಾಲೂ ತಡವಿಲ್ಲದೆ ಸಿಗಬೇಕು. ಅದು ಸರಕಾರದ ಕರ್ತವ್ಯ. ಆದರೆ ಹಸಿವಿನ ಕೈಗೆ ಅಕಸ್ಮಾತ್ತಾಗಿ ಸಿಕ್ಕ ಗಡಿಗೆ ಬೇರೆ, ಆಸೆಯ ಕೈ ರಾತ್ರಿ ಹಾರೆ ಹಿಡಿದು ಹೋಗುವುದು ಬೇರೆ. 2019ರ ಜುಲೈಯಲ್ಲಿ ತುಂಗಭದ್ರೆಯ ನಡುಗಡ್ಡೆಯಲ್ಲಿ, ಆನೆಗೊಂದಿಯ ನವಬೃಂದಾವನದ ವ್ಯಾಸರಾಜರ ಬೃಂದಾವನವನ್ನು ಒಡೆದು ಹಾಕಲಾಯಿತು. ನಿಧಿಯಾಸೆಯೇ ಇದಕ್ಕೆ ಕಾರಣವೆಂದು ಹಲವರ ಬಂಧನವೂ ಆಯಿತು. ಬೃಂದಾವನವನ್ನೇನೋ ಮತ್ತೆ ಕಟ್ಟಲಾಯಿತು. ಆದರೆ ಗುಡಿಯಿರಲಿ, ದರ್ಗಾ ಇರಲಿ, ಒಂದು ಸಮುದಾಯ ಪವಿತ್ರವೆಂದು ಕಾಯ್ದುಕೊಂಡು ಬಂದ ಜಾಗಕ್ಕೆ ಹಾರೆ ಹಾಕಿದವನು ಅಗೆಯುವುದು ಮಣ್ಣನ್ನಲ್ಲ, ನೆರೆಹೊರೆಯವರ ನಂಬಿಕೆಯನ್ನು.

ಪವಿತ್ರ ಕುರ್‌ಆನಿನ 'ಅಲ್‌ಕಹ್ಫ್' ಅಧ್ಯಾಯದ ಪ್ರಸಂಗವೊಂದು ಇಲ್ಲಿ ನೆನಪಾಗುತ್ತದೆ. ಹ. ಮೂಸಾ(ಅ) ಮತ್ತು ಖಿಝ್ರ್ ಎಂದು ಪ್ರಸಿದ್ಧರಾದ ಜ್ಞಾನಿ ಒಂದು ಊರಿಗೆ ಬರುತ್ತಾರೆ. ಅನ್ನ ಕೇಳಿದರೆ ಆ ಊರಿನವರು ಕೊಡುವುದಿಲ್ಲ. ಅಲ್ಲೇ ಬೀಳುವಂತಿದ್ದ ಗೋಡೆಯೊಂದನ್ನು ಖಿಝ್ರ್ ಕೂಲಿ ಪಡೆಯದೆ ನಿಲ್ಲಿಸುತ್ತಾರೆ. ಮೂಸಾ(ಅ)ರಿಗೆ ಆಶ್ಚರ್ಯ. ಆಮೇಲೆ ಕಾರಣ ತಿಳಿಯುತ್ತದೆ: ಗೋಡೆ ಇಬ್ಬರು ಅನಾಥ ಬಾಲಕರದು. ಅದರಡಿಯಲ್ಲಿ ಅವರಿಗೆ ಸೇರಿದ ನಿಧಿಯಿದೆ. ಅವರು ಪ್ರಾಯಕ್ಕೆ ಬಂದು ತಾವೇ ಅದನ್ನು ತೆಗೆಯಲಿ ಎಂಬುದು ಪ್ರಭುವಿನ ಇಚ್ಛೆ. ನಿಧಿ ಎಲ್ಲಿದೆಯೆಂದು ಖಚಿತವಾಗಿ ಬಲ್ಲವರು ಹಸಿದಿದ್ದರು. ಆದರೂ ಗೋಡೆ ಒಡೆಯಲಿಲ್ಲ, ಅದನ್ನು ಕಟ್ಟಿದರು.

ಮಣ್ಣಿನೊಳಗಿನ ಗತಕಾಲ ಇಂತಹದೇ ಅಮಾನತ್ತು. ಅದರ ವಾರಸುದಾರರಲ್ಲಿ ಹೆಚ್ಚಿನವರು ಇನ್ನೂ ಪ್ರಾಯಕ್ಕೆ ಬಂದಿಲ್ಲ, ಹಲವರು ಹುಟ್ಟಿಯೂ ಇಲ್ಲ. 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಉತ್ಖನನ ಮಾಡಿದಾಗ ತಾಮ್ರಶಿಲಾಯುಗದಿಂದ ಮಧ್ಯಯುಗದವರೆಗಿನ ಬದುಕು ಒಂದರ ಮೇಲೊಂದು ಪದರವಾಗಿ ಕಂಡಿತು. ಒಂದು ಮಣಿ, ಒಂದು ನಾಣ್ಯ ಮಾತಾಡುವುದು ಅದು ಯಾವ ಪದರದಲ್ಲಿತ್ತು ಎಂಬುದರಿಂದ. ಯಂತ್ರ ಕೂಗಿದ ಕೂಡಲೇ ಕಿತ್ತು ತೆಗೆದರೆ ಕೈಗೆ ಲೋಹ ಬರುತ್ತದೆ, ಮಾತು ಅಲ್ಲೇ ಸಾಯುತ್ತದೆ.

ಆ ತರುಣನಿಗೆ ನಾವು ಮಸ್ಕಿಯದೇ ಕಥೆ ಹೇಳಿದೆವು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತಾ ಅಲ್ಲಿನ ಗುಡ್ಡದಲ್ಲಿ ಬರಹವಿದ್ದ ಬಂಡೆಯೊಂದನ್ನು ಕಂಡ. ಆ ವಿಷಯವನ್ನು ಬಚ್ಚಿಡಲಿಲ್ಲ. ಗುಲಾಮ್ ಯಜ್ದಾನಿಯವರ ನೇತೃತ್ವದಲ್ಲಿದ್ದ ಹೈದರಾಬಾದ್ ಪುರಾತತ್ವ ಇಲಾಖೆಯ ಪ್ರಕಟಣ ಮಾಲೆಯ ಮೊದಲ ಸಂಚಿಕೆಯಾಗಿ ಎಚ್. ಕೃಷ್ಣಶಾಸ್ತ್ರಿಗಳು ಆ ಶಾಸನವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಸಿಕ್ಕ ಶಾಸನಗಳು 'ದೇವಾನಾಂಪ್ರಿಯ' ಎನ್ನುತ್ತಿದ್ದ ದೊರೆಯನ್ನು ಈ ಬಂಡೆ 'ಅಶೋಕ' ಎಂದು ಹೆಸರಿಟ್ಟು ಕರೆದಿತ್ತು. ಶ್ರೇಯಸ್ಸು ದೊಡ್ಡವರಿಗಷ್ಟೇ ಸಿಗುವುದಲ್ಲ, ಧರ್ಮದಲ್ಲಿ ನಿರತನಾದ ಸಾಮಾನ್ಯನೂ ಅದನ್ನು ಪಡೆಯಬಲ್ಲ ಎಂಬುದು ಅದರ ಸಾರ.

"ಅವನಿಗೆ ಬಂಗಾರ ಸಿಗಲಿಲ್ಲೇನ್ರಿ ಮತ್ತ?" ಎಂದು ತರುಣ ಕೇಳಿದ. ಈ ಬಾರಿ ಯಾರೂ ನಗಲಿಲ್ಲ. ಬಂಗಾರ ಸಿಕ್ಕಿದ್ದರೆ ಅದು ಕರಗಿ ಯಾರದೋ ಕೊರಳು ಸೇರುತ್ತಿತ್ತು. ಸಿಕ್ಕಿದ ಹೆಸರು ಇಂದಿಗೂ ನಮ್ಮೆಲ್ಲರದಾಗಿ ಉಳಿದಿದೆ, ಮಸ್ಕಿಗೆ ಹೋದರೆ ಅವನೂ ಅದನ್ನು ಕಣ್ಣಾರೆ ಕಾಣಬಹುದು.