ಸಹಿ ಹಾಕುವ ಕೈ

ಅಪ್ಪನ ಬಿ.ಎ. ಪದವಿಪತ್ರದ ಕೆಳಗೆ ಡಿ.ಸಿ. ಪಾವಟೆಯವರ ಸಹಿ ಇದೆ. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ರ‍್ಯಾಂಗ್ಲರ್ ಆದವರು ಅವರು. 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿ. ಅವರು ಬಂದಾಗ ಧಾರವಾಡ ಮುಂಬೈ ರಾಜ್ಯದಲ್ಲಿತ್ತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ಸರಕಾರವೇ ಬದಲಾಯಿತು, ಗಡಿಯ ಜಗಳ ಬಿಸಿಯೇರಿತು. ನಮ್ಮ ಖಾನಾಪುರದ ಕನ್ನಡ ಮನೆಯ ಹುಡುಗರೂ ಮರಾಠಿ ಮನೆಯ ಹುಡುಗರೂ ಅದೇ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂಡುತ್ತಿದ್ದರು. ಅಂಥ ಕುರ್ಚಿಯಲ್ಲಿ ಹದಿಮೂರು ವರ್ಷ!

ನಾನು ಮೂರೇ ತಿಂಗಳು ಪ್ರಭಾರಿ ಮುಖ್ಯಾಧ್ಯಾಪಕಿಯಾಗಿದ್ದೆ. ಹಾಸ್ಟೆಲ್‌ನಲ್ಲಿ ಉಳಿದದ್ದು ಒಂದು ಸೀಟು. ಕಣಕುಂಬಿ ಕಡೆಯ ಕೂಲಿಯವಳ ಮಗಳಿಗೆ ಅದು ಸಿಗಬೇಕಿತ್ತು. ಊರಿನ ಪುಢಾರಿಯೊಬ್ಬರು ತಮ್ಮ ಸಂಬಂಧಿಕರ ಹುಡುಗಿಯನ್ನು ಕರೆತಂದರು.

“ಅಕ್ಕೋರ, ಒಂದ ಸೀಟಿನ ಮಾತು. ನಿಮ್ಮ ಸಾಲಿಗೆ ಖೋಲಿ ಬೇಕಲ್ಲ?”

ಸಹಿ ಹಾಕಿದೆ. ಖೋಲಿ ಬಂತು ಕೂಡ. ಇಂದಿಗೂ ಅಲ್ಲಿ ಎಂಟನೆಯ ತರಗತಿ ನಡೆಯುತ್ತದೆ.

ವಿಶ್ವವಿದ್ಯಾಲಯ ನಡೆಸುವವರಿಗೆ ಇಂಥ ಮಾತು ದಿನಕ್ಕೆಷ್ಟು ಬರುತ್ತವೋ. ಅನುದಾನ ಬೇಕು, ಕಟ್ಟಡ ಬೇಕು, ಬೀದಿಯ ಗಲಾಟೆ ತಣ್ಣಗಾಗಬೇಕು. ತುಸು ಬಗ್ಗಿದರೆ ಸಂಸ್ಥೆ ಉಳಿಯುತ್ತದೆ ಎನ್ನುವುದು ಪೂರ್ತಿ ಸುಳ್ಳಲ್ಲ, ನಾನೇ ಕಂಡಿದ್ದೇನೆ. ಆದರೆ ಬಗ್ಗಿದ್ದಕ್ಕೆ ಬೆಲೆ ತೆರುವವರು ಆ ಮಾತುಕತೆಯಲ್ಲಿ ಇರುವುದೇ ಇಲ್ಲ. ನಮ್ಮ ಮೇಜಿನ ಎದುರು ಕೂತವರು ಬೇರೆ. ರಾಜೀನಾಮೆ ಕೊಡಬಹುದಿತ್ತೇ? ನನ್ನ ನಂತರ ಬಂದವರು ಎರಡು ಸೀಟು ಕೊಟ್ಟರು.

ಆ ಹುಡುಗಿ ಅದೇ ವರ್ಷ ಸಾಲಿ ಬಿಟ್ಟಳು. ಸಂತೆಯಲ್ಲಿ ಅವಳ ಅವ್ವ ಸಿಕ್ಕಾಗ ಈಗಲೂ ಕೇಳುತ್ತಾಳೆ, “ಅಕ್ಕೋರ, ಆರಾಮ ಅದೀರಿ?”